ಹೊಟ್ಟೆಗೊಂದು ಸೂಟಿ

ಅಕ್ಕನ ಬಲಗೈ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಎಣ್ಣೆ ಸಿಡಿದ ಕಲೆಗಳಿದ್ದವು. ಕೆಲವು ಸಾಸಿವೆಯಷ್ಟು, ಒಂದೆರಡು ಹುಣಸೆಬೀಜದಷ್ಟು. ಹಳೆಯವು ಬೆಳ್ಳಗಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು. ನಾನು ಮದುವೆಯಾಗಿ ಮೂಡಲಗಿಯ ಆ ಮನೆಗೆ ಬಂದ ವಾರದಲ್ಲೇ ಅದೇನೆಂದು ಕೇಳಿದೆ. ಕಣಕ ನಾದುತ್ತಿದ್ದ ಕೈಯನ್ನು ನನ್ನ ಮುಂದೆ ಚಾಚಿದಳು.

"ಇದು ಪಂಚಮಿದು. ಇದು ದೀವಳಗಿದು. ಈ ಕೆಂಪಂದು ನಿನ್ನ ಮದುವಿದು. ತಿಂದವರ ಮೈಮ್ಯಾಲ ಏನರ ಉಳದೈತೇನು, ಹೋಗಿ ನೋಡು."

ಆಕೆ ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಅತ್ತೆ ತೀರಿಕೊಂಡಿದ್ದರಿಂದ ಅಡಿಗೆಮನೆ ಆಕೆಯ ಕೈಯಲ್ಲಿತ್ತು. ಕೊಣ್ಣೂರಿನ ಒಕ್ಕಲುತನದ ಮನೆಯ ಮಗಳು. ಮಕ್ಕಳಾಗಿರಲಿಲ್ಲ. ನಾನು ಅಕ್ಕ ಎಂದೆ, ಆಕೆ ನನ್ನನ್ನು ತಂಗಿ ಎಂದಳು. ಹುಕ್ಕೇರಿಯ ನನ್ನ ತವರಿನಲ್ಲಿ ದನಿ ಎತ್ತಿ ಮಾತಾಡುವ ಹೆಂಗಸನ್ನು ನಾನು ಕಂಡಿರಲಿಲ್ಲ. ಅಕ್ಕ ಬೆಳಿಗ್ಗೆ ಒಲೆ ಹಚ್ಚುವಾಗಲೇ ಬೈಯಲು ಶುರು ಮಾಡುತ್ತಿದ್ದಳು. ಹಸಿ ಕಟ್ಟಿಗೆ ತಂದವನನ್ನು, ನೀರು ಚೆಲ್ಲಿದ ನನ್ನನ್ನು, ತಾಟಿನಲ್ಲಿ ರೊಟ್ಟಿ ಬಿಟ್ಟ ಮೈದುನನನ್ನು, ಅಂದರೆ ನನ್ನ ಗಂಡನನ್ನು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಗಂಡನನ್ನು.

ನನ್ನ ಭಾವ ಮೆತ್ತನೆಯ ಮನುಷ್ಯ. ದುಂಡಗಿನ ಮುಖ, ದುಂಡಗಿನ ಹೊಟ್ಟೆ. ಸಿಹಿ ಕಂಡರೆ ಕೂಸಿನ ಹಾಗೆ ನಗುತ್ತಿದ್ದರು. ಮಾವನವರದು ಕಾಳಿನ ವ್ಯಾಪಾರ. ಊಟಕ್ಕೆ ಕೂತರೆ ಪಕ್ಕದಲ್ಲಿ ಕೂತವರೂ ತಮ್ಮಷ್ಟೇ ಉಣ್ಣಬೇಕು. ಕಡಿಮೆ ಉಂಡವನು ಗಂಡಸಲ್ಲ ಎಂಬಂತೆ ನೋಡುತ್ತಿದ್ದರು. ಭಾವ ಆ ನೋಟಕ್ಕೆ ಹೆದರಿಯೇ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು.

ಮೊದಲ ದೀಪಾವಳಿಗೆ ಆ ಮನೆಯ ಗಂಡಸರು ಐದು ದಿನ ಉಂಡದ್ದನ್ನು ಕಂಡು ನನಗೆ ದಿಗಿಲಾಯಿತು. ಹೂರಣದ ಹೋಳಿಗೆ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗೋಕಾಕದಿಂದ ತರಿಸಿದ ಕರದಂಟು, ಮೇಲೆ ಬಟ್ಟಲುಗಟ್ಟಲೆ ತುಪ್ಪ. ಉಂಡು ಗಾದಿಯ ಮೇಲೆ ಉರುಳುವುದು, ಎದ್ದು ಮತ್ತೆ ಉಣ್ಣುವುದು. ನಾವಿಬ್ಬರು ಒಲೆಯ ಮುಂದೆ ಬೇಯುತ್ತಿದ್ದೆವು. ಎಲ್ಲರೂ ಉಂಡ ಮೇಲೆ ಕೂತರೆ ಹೋಳಿಗೆ ತಣ್ಣಗಾಗಿ ಚಕ್ಕಳದಂತಾಗಿರುತ್ತಿತ್ತು. ಅದನ್ನು ಅಗಿಯುವಷ್ಟೂ ಶಕ್ತಿ ನನಗೆ ಉಳಿದಿರುತ್ತಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಅಕ್ಕ ಪಡಸಾಲೆಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ನಾಲಿಗಿ ತಗೀರಿ," ಅಂದಳು ಗಂಡನಿಗೆ. ಭಾವ ನಾಲಿಗೆ ಹೊರಗೆ ಚಾಚಿದರು. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ನನ್ನ ಗಂಡ ನಕ್ಕರು. "ನಗಬ್ಯಾಡ, ನೀನೂ ತಗಿ," ಅಂದಳು. ಅದೂ ಹಾಗೇ ಇತ್ತು. ಮಾವನವರ ನಾಲಿಗೆ ಕೇಳುವ ಹಾಗಿರಲಿಲ್ಲ. ಆದರೆ ಅವರ ತೇಗು ಅಡಿಗೆಮನೆಯವರೆಗೆ ಕೇಳುತ್ತಿತ್ತು.

ಆ ದಿನ ಚಹಾ ಇಲ್ಲ. ಜೀರಿಗೆ, ಹಸಿಶುಂಠಿ ಕುದಿಸಿದ ಬಿಸಿ ನೀರು. ಮಧ್ಯಾಹ್ನ ತಾಟಿನ ತುಂಬ ಹೋಳಿಗೆ ಕಾದಿದ್ದ ಮಾವನವರ ಮುಂದೆ ಜೋಳದ ನುಚ್ಚಿನ ತೆಳ್ಳನೆಯ ಗಂಜಿ, ನೀರು ಮಜ್ಜಿಗೆ, ಒಂದು ಹಿಡಿ ಮೆಂತ್ಯದ ಸೊಪ್ಪು ಬಂದು ಕೂತವು.

"ಇದೇನಿದು? ಮನ್ಯಾಗ ಯಾರರ ಸತ್ತಾರೇನು?" ಎಂದು ಗುಡುಗಿದರು.

ಅಕ್ಕ ಸೆರಗು ತಲೆಯ ಮೇಲೆಳೆದುಕೊಂಡು ಬಾಗಿಲ ಮರೆಯಿಂದಲೇ ಹೇಳಿದಳು: "ಯಾರೂ ಸತ್ತಿಲ್ರಿ ಮಾವಾರ. ಐದು ದಿನ ಬಿಡುವಿಲ್ದ ದುಡದೈತಿ, ಹೊಟ್ಟಿಗೂ ಒಂದು ಸೂಟಿ ಕೊಡ್ರಿ."

ಸಂಜೆ ಹೊಲಕ್ಕೆ ಹೋಗಲು ಚಕ್ಕಡಿ ಹೂಡುತ್ತಿದ್ದ ಆಳನ್ನು ತಡೆದಳು. ನಡೆದು ಹೋಗಲಿ ಅಂದಳು. ಭಾವ ಗೊಣಗಿದರು. ಆಗ ಆಕೆ ಅಂದದ್ದು ಆ ಓಣಿಗೆಲ್ಲ ಕೇಳಿರಬೇಕು: "ಎತ್ತು ಹಸಿ ಜ್ವಾಳ ತಿಂದು ಹೊಟ್ಟಿ ಉಬ್ಬಿಸಿಕೊಂಡ್ರ ಏನ್ ಮಾಡ್ತೀರಿ? ಮೇವು ತಗದು ನಡಸ್ತೀರಿಲ್ಲೊ? ಎತ್ತಿಗೆ ನಡಿಗಿ, ನಿಮಗ ಗಾದಿ?"

ಭಾವ ನಡೆದರು. ನನ್ನ ಗಂಡನೂ ನಡೆದರು. ದೀಪ ಹಚ್ಚುವ ಮೊದಲೇ ಊಟ, ಊಟವೆಂದರೆ ಹೆಸರುಬೇಳೆಯ ಕಟ್ಟು. ಯಾರಾದರೂ ಅಭ್ಯಾಸಕ್ಕೆ ಕರ್ಚಿಕಾಯಿ ಡಬ್ಬಿಯ ಮುಚ್ಚಳ ತೆಗೆದರೆ ಆಕೆ ಒಂದೇ ಮಾತು ಅನ್ನುತ್ತಿದ್ದಳು: "ಹಸಿವು ತಾನ ಬರಲಿ. ನೀವು ಕರಿಯಾಕ ಹೋಗಬ್ಯಾಡ್ರಿ."

ಇಷ್ಟು ಮಾತ್ರವಾಗಿದ್ದರೆ ನಾನು ಆಕೆಯನ್ನು ಒಬ್ಬ ಜೋರು ಹೆಂಗಸು ಎಂದು ನೆನೆದು ಸುಮ್ಮನಾಗುತ್ತಿದ್ದೆ. ಆದರೆ ಗಂಡಸರು ಗಂಜಿ ಕುಡಿದು ಎದ್ದ ಮೇಲೆ ಆಕೆ ನನ್ನ ಕೈ ಹಿಡಿದು ಒಲೆಯ ಮುಂದೆ ಕೂರಿಸಿದಳು. ಹಂಚು ಇಟ್ಟಳು. ಬಿಸಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಬೆಣ್ಣೆ, ಶೇಂಗಾ ಚಟ್ನಿ.

"ನಮಗೂ ಗಂಜಿ ಅಲ್ಲೇನಕ್ಕಾ?" ಎಂದೆ.

"ನಾವು ಉಂಡಿದ್ದರ ಯಾವಾಗ?" ಅಂದಳು, ಸಿಟ್ಟಿನಿಂದಲೇ. "ಉಂಡವರು ಬಿಡಲಿ. ಉಣದವರು ಉಣಲಿ. ತಿನ್ನು, ಎಲಬು ಕಾಣಾಕತ್ತಾವ ನಿನಗ."

ಒಂದು ವಾರ ಹೀಗೆ. ಆಕೆ ಬಡಿದು ಹಾಕಿದ ರೊಟ್ಟಿಯನ್ನು ಬಿಸಿಯಿರುವಾಗಲೇ ಮುರಿದು ತಿಂದೆ. ನಾನು ಬಡಿದದ್ದನ್ನು ಆಕೆ ತಿಂದಳು. ಹೊಲದ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರನ್ನೂ ಕರೆದು ಕೂರಿಸಿದಳು. ಮದುವೆಯಾಗಿ ಬಂದ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ ಎಂದು ನನಗೆ ಅನಿಸಿದ್ದು ಆ ವಾರದಲ್ಲಿ. ಆ ಮನೆಯಲ್ಲಿ ನನಗೆ ನಿಜವಾದ ಹಬ್ಬ ಅದೇ ಆಯಿತು.

ಐದಾರು ದಿನಕ್ಕೆ ಗಂಡಸರ ಮುಖ ತಿಳಿಯಾಯಿತು. ಭಾವ ಬೆಳಗಿನ ಹೊತ್ತು ಹಾಡಿಕೊಳ್ಳುತ್ತ ನೀರು ಸೇದತೊಡಗಿದರು. ಮಾವನವರ ಹೊಟ್ಟೆಯುಬ್ಬರವೂ ಇಳಿಯಿತು. ಆದರೆ ಅವರು ಅದನ್ನು ಒಪ್ಪಬೇಕಲ್ಲ! ಅಂಗಡಿಗೆ ಬಂದವರ ಮುಂದೆ ನಗುತ್ತ ಹೇಳುತ್ತಿದ್ದರು: "ನಮ್ಮ ಹಿರಿ ಸೊಸಿ ಮನ್ಯಾಗ ಉಣ್ಣಾಕ ಕೊಡೂದಿಲ್ರೆಪಾ." ಎಲ್ಲರೂ ನಗುತ್ತಿದ್ದರು. ಆ ಕುಶಾಲಿ ಮುಂದೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಈಗ ಹೇಳಬೇಕು. ಹೇಳಲು ಕೂತರೆ ಇಂದಿಗೂ ಮೈ ಉರಿಯುತ್ತದೆ.

ನನ್ನ ಮೂರನೆಯ ದೀಪಾವಳಿ. ಹಬ್ಬದ ಕೊನೆಯ ದಿನ ಕೊಣ್ಣೂರಿನಿಂದ ಚಕ್ಕಡಿ ಬಂತು. ಅಕ್ಕನ ತಾಯಿ ಹಾಸಿಗೆ ಹಿಡಿದಿದ್ದರು. ಹೊರಡುವಾಗ ನನ್ನನ್ನು ಅಡಿಗೆಮನೆಗೆ ಕರೆದು ಬೆರಳು ಮಡಿಚುತ್ತ ಹೇಳಿದಳು. "ಮೂರು ದಿನ ನುಚ್ಚಿನ ಗಂಜಿ. ಆಮ್ಯಾಲ ಒಂದೊಂದು ರೊಟ್ಟಿ, ಪಲ್ಲೆ ಹೆಚ್ಚು. ಬಿಸಿನೀರು ಬಿಡಿಸಬ್ಯಾಡ. ಅವರು ಅತ್ತರೂ ಡಬ್ಬಿ ತಗೀಬ್ಯಾಡ. ಮತ್ತ ಯಾರಿಗರ ಹೊಟ್ಟಿ ಹರಿದ್ರ ಗಂಜಿತಿಳಿಗೆ ಉಪ್ಪು ಹಾಕಿ ಗುಟುಕು ಗುಟುಕು ಕುಡಿಸು, ಕುಡಿಸೂದು ನಿಂದರಿಸಬ್ಯಾಡ. ತಿಳೀತಿಲ್ಲೊ?"

"ತಿಳೀತಕ್ಕಾ," ಅಂದೆ.

"ಮನಿ ನಿನ್ನ ಕೈಯಾಗ ಐತಿ," ಎಂದು ಹೇಳಿ ಗಾಡಿ ಹತ್ತಿದಳು.

ಮರುದಿನ ಗೋಕಾಕದ ಹಾದಿಯಿಂದ ಒಬ್ಬ ಔಷಧ ಮಾರುವವನು ಬಂದ. ಹೆಗಲಿಗೆ ಚೀಲ, ಬಾಯಿ ತುಂಬ ಮಾತು. ಐದು ದಿನದ ಹಬ್ಬವನ್ನು ಒಂದೇ ಗುಳಿಗೆ ಅರ್ಧ ದಿನದಲ್ಲಿ ತೊಳೆದು ಹಾಕುತ್ತದೆ, ಗಂಜಿ ಬೇಡ, ಪಥ್ಯ ಬೇಡ, ಮರುದಿನವೇ ಹೋಳಿಗೆ ಹೊಡೆಯಬಹುದು ಎಂದ. ನಾಡಿದ್ದು ಕಲ್ಲೋಳಿಯ ಬೀಗರ ಮನೆಯಲ್ಲಿ ದೊಡ್ಡ ಊಟವಿತ್ತು. ಮಾವನವರ ಚಿಂತೆ ಇದ್ದದ್ದು ಅದೊಂದೇ. ಎರಡು ಗುಳಿಗೆ ಕೊಂಡರು, ತಮಗೊಂದು, ಹಿರಿಮಗನಿಗೊಂದು.

ಮಾರನೆಯ ಬೆಳಿಗ್ಗೆ ನನ್ನ ಗಂಡ ಹುಕ್ಕೇರಿಯ ಸಂತೆಗೆ ಹೋಗಿಬಿಟ್ಟಿದ್ದರು. ಪಡಸಾಲೆಯಲ್ಲಿ ಮಾವನವರು, ಭಾವ. ನಾನು ಬಿಸಿನೀರು ತಂದೆ. ಕಪ್ಪು ಗುಳಿಗೆ, ಮಾವನವರ ಅಂಗೈಯಲ್ಲಿ ಎರಡು. ಭಾವ ಅದನ್ನು ನೋಡಿ, "ಆಕಿ ಬರಲೆಪಾ, ಕೇಳೋಣು," ಅಂದರು.

"ಹೆಂಡತೀನ ಕೇಳಿ ಸಂಡಾಸಕ್ಕ ಹೋಗಾಂವೇನು ನೀ?" ಅಂದರು ಮಾವನವರು. "ಮೊದಲ ನೀ ತಗೋ. ಹೆಂಗ ಆಕ್ಕೈತಿ ನೋಡಿ ನಾ ತಗೋತೇನಿ."

ಈ ಮಾತನ್ನು ನಾನು ನನ್ನ ಈ ಎರಡು ಕಿವಿಗಳಿಂದ ಕೇಳಿದ್ದೇನೆ. ಮಗನ ಮೇಲೆ ನೋಡಿ ಆಮೇಲೆ ತಾನು ತೆಗೆದುಕೊಳ್ಳುತ್ತೇನೆ ಎಂದ ತಂದೆಯ ಮಾತು. ಭಾವ ನಾನು ಕೊಟ್ಟ ನೀರಿನಲ್ಲೇ ಗುಳಿಗೆ ನುಂಗಿದರು.

ಸೂರ್ಯ ಮೇಲೇರುವ ಹೊತ್ತಿಗೆ ಹಿತ್ತಲಿಗೆ ಐದು ಸಲ, ಆರು ಸಲ. ಆಮೇಲೆ ಎಣಿಸುವವರು ಯಾರು? ಹಿತ್ತಲಿನಿಂದ ಮನೆಯೊಳಗೆ ಬರಲಾರದೆ ಗೋಡೆ ಹಿಡಿದು ಕೂತರು. ಮಧ್ಯಾಹ್ನಕ್ಕೆ ಕಣ್ಣು ಒಳಗೆ ಹೋದವು, ತುಟಿ ಒಣಗಿದವು. "ನೀರು," ಅಂದರು. ನೀರು ಕೊಟ್ಟರೆ ಔಷಧದ ಗುಣ ಕೆಡುತ್ತದೆ ಎಂದು ಆ ಮಾರುವವನು ಹೇಳಿಹೋಗಿದ್ದ. ಕೊಡಬೇಡ ಎಂದರು ಮಾವನವರು.

ನಾನು ಒಳಗೆ ಹೋಗಿ ಗಂಜಿ ಕಾಯಿಸಿದೆ, ತಿಳಿ ಬಸಿದೆ, ಉಪ್ಪು ಹಾಕಿದೆ. ಅಕ್ಕ ಹೇಳಿದ್ದು ಒಂದಕ್ಷರ ಮರೆತಿರಲಿಲ್ಲ. ಬೋಗುಣಿ ಹಿಡಿದು ಹಿತ್ತಲ ಬಾಗಿಲಿಗೆ ಬಂದೆ. ಮಾವನವರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಒಳಗ ನಡಿ. ನಾ ಹೇಳಿಲ್ಲೇನು?"

ಅವರ ಭುಜದಾಚೆ ಭಾವನ ಮುಖ ಕಾಣುತ್ತಿತ್ತು. ಬೋಗುಣಿಯನ್ನು ನೋಡುತ್ತಿದ್ದರು. ಹತ್ತು ಹೆಜ್ಜೆ ದೂರ. ನನಗೆ ಆಗ ಹತ್ತೊಂಬತ್ತು ವರ್ಷ. ಮಾವನ ಮುಂದೆ ತಲೆಯೆತ್ತಿ ಗೊತ್ತಿರಲಿಲ್ಲ. ನಾನು ಒಳಗೆ ನಡೆದೆ. ಬೋಗುಣಿಯನ್ನು ಒಲೆಯ ಪಕ್ಕ ಇಟ್ಟೆ. ಇಟ್ಟು, ಅದರ ಮೇಲೆ ತಟ್ಟೆ ಮುಚ್ಚಿದೆ. ಮುಚ್ಚಿಟ್ಟರೆ ಆಮೇಲೆ ಯಾರೋ ಕುಡಿಯುತ್ತಾರೆ ಎಂಬಂತೆ.

ದನಗಳು ಮನೆಗೆ ಬರುವ ಹೊತ್ತಿಗೆ ಭಾವನ ಉಸಿರು ನಿಂತಿತು. ಮಾವನವರು ಗೋಳೋ ಎಂದು ಅತ್ತರು. ಅತ್ತದ್ದು ಸುಳ್ಳಲ್ಲ. ಆದರೆ ಜನ ಸೇರುವ ಮೊದಲು ಅವರು ನಡುವಿನ ಎಲೆಯಡಿಕೆ ಚಂಚಿ ಬಿಚ್ಚಿ, ತಮ್ಮ ಪಾಲಿನ ಗುಳಿಗೆ ತೆಗೆದು ತಿಪ್ಪೆಗೆ ಎಸೆದದ್ದನ್ನೂ ನಾನು ಕಂಡೆ.

ಅಕ್ಕ ಬಂದದ್ದು ಮರುದಿನ ಮಧ್ಯಾಹ್ನ. ಭಾವನಿಗೆ ವಿಭೂತಿ ಹಚ್ಚಿ ಗೋಡೆಗೆ ಕೂರಿಸಿದ್ದರು. ಆಕೆ ಎಲ್ಲರ ಹಾಗೆ ಎದೆ ಬಡಿದುಕೊಳ್ಳಲಿಲ್ಲ. ನೇರ ಒಳಗೆ ಬಂದು ನಿಂತು ಕೇಳಿದಳು: "ಏನ್ ತಿಂದಿದ್ರು?"

ಮತ್ತೆ ಕೇಳಿದಳು. ಆಗ ಮಾವನವರು, ಇಡೀ ಊರಿನ ಮುಂದೆ, ಬೆರಳು ತೋರಿಸಿ ಅಂದರು: "ನಿನ್ನ ಗಂಜಿನ ತಿಂದಿದ್ದ. ವರ್ಷಾ ವರ್ಷಾ ಗಂಜಿ ಕುಡಿಸಿ ನನ್ನ ಮಗನ ಕರುಳು ಒಣಗಿಸಿದಿ. ಹೊಟ್ಟಿ ಒಂದೀಟು ಹರಿದಿದ್ದಕ್ಕ ತಡಕೊಳ್ಳಾಕ ಮೈಯಾಗ ಏನೂ ಉಳದಿರಲಿಲ್ಲ."

ಅಂಗಡಿಯ ಕುಶಾಲಿ ಕೇಳಿ ನಕ್ಕವರೆಲ್ಲ ಅಲ್ಲಿದ್ದರು. ಹೌದು ಹೌದು, ಆಕೆ ಉಣ್ಣಲು ಕೊಡುತ್ತಿರಲಿಲ್ಲ, ಅವರೇ ಹೇಳುತ್ತಿದ್ದರಲ್ಲ, ಎಂದು ಒಬ್ಬರಿಗೊಬ್ಬರು ಅಂದುಕೊಂಡರು. ಅಕ್ಕ ಅವರಾರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ಬೇರೆ ಯಾರಿಂದಲೂ ಉತ್ತರ ಬಾರದೆಂದು ಗೊತ್ತಿದ್ದವಳ ಹಾಗೆ, ನನ್ನೊಬ್ಬಳನ್ನೇ.

ನಾನು ನೆಲ ನೋಡಿದೆ.

ತಿಂಗಳು ತುಂಬುವ ಮೊದಲೇ ಆಕೆಯನ್ನು ತವರಿಗೆ ಕಳಿಸಿದರು. ನನ್ನ ಗಂಡನಿಗೆ ರಾತ್ರಿ ಹಗಲು ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಬಸುರಿಯಾದೆ, ಹಡೆದೆ, ಮತ್ತೆ ಬಸುರಿಯಾದೆ. ಅಡಿಗೆಮನೆ ನನ್ನ ಕೈಗೆ ಬಂತು. ಹಬ್ಬದ ಮೇಲೆ ಹಬ್ಬ ಮಾಡಿ ಬಡಿಸಿದೆ. ಯಾರ ನಾಲಿಗೆಯನ್ನೂ ನೋಡಲಿಲ್ಲ. ಮನೆಗೆ ಬಂದವರಿಗೆ ಮಾವನವರು ಅದೇ ಕಥೆ ಹೇಳುತ್ತಿದ್ದರು, ನಾನು ನೀರು ತಂದಿಟ್ಟು ಒಳಗೆ ಹೋಗುತ್ತಿದ್ದೆ.

ಯುದ್ಧ ಶುರುವಾಗಿ ಚಿಮಣಿ ಎಣ್ಣೆ ಸಿಗದ ದಿನಗಳು. ಭಾವ ಹೋಗಿ ನಾಲ್ಕು ವರ್ಷವಾಗಿತ್ತು. ತವರಿನ ಮದುವೆಗೆಂದು ಹೋದವಳು ದಾರಿ ತಿರುಗಿಸಿ ಕೊಣ್ಣೂರಿಗೆ ಹೋದೆ. ಅಕ್ಕ ತನ್ನ ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಯಾರದೋ ಕೂಸಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ಅದರ ತಾಯಿಗೆ ಬೈಯುತ್ತಿದ್ದಳು. ಹಬ್ಬ ಹುಣ್ಣಿಮೆ ಮುಗಿದ ಮೇಲೆ ಆ ಓಣಿಯ ಜನ ಆಕೆಯ ಹತ್ತಿರ ಬರುತ್ತಿದ್ದರಂತೆ. ನನ್ನನ್ನು ಕಂಡ ಕೂಡಲೆ ಬೈಗುಳ ನಿಂತಿತು. "ಬರ್ರಿ," ಅಂದಳು. ನನಗೆ ಬಹುವಚನ!

ಕೂಸಿನವರು ಹೋದ ಮೇಲೆ ಎಲ್ಲ ಹೇಳಿದೆ. ಗುಳಿಗೆ, ಬಾಗಿಲು, ಬೋಗುಣಿ, ತಿಪ್ಪೆ. ಅಳುತ್ತ ಹೇಳಿದೆ. ಆಕೆ ಅಳಲಿಲ್ಲ.

"ನನಗ ಗೊತ್ತಿತ್ತು," ಅಂದಳು. "ಬಾವ್ಯಾಗಿನ ನೀರು ಸೇದಿ ಅವರ ಧೋತರ ಒಗದಾಕಿ ನಾ. ಅದರಾಗ ರಕ್ತ ಇತ್ತು. ಗಂಜಿ ಕುಡದವರ ಧೋತರ ಹಂಗ ಇರೂದಿಲ್ಲ. ಕರುಳು ಕಿತ್ತು ಹರಿಸೂ ಜಾಪಾಳದ ಬೀಜ ನುಂಗಿಸ್ಯಾರ ಅನ್ನೂದು ಅವತ್ತ ತಿಳೀತು."

"ಮತ್ತ ಯಾಕ ಸುಮ್ಮನಿದ್ರಿ ಅಕ್ಕಾ?"

"ನಾ ಹೇಳಿದ್ರ ಯಾರು ಕೇಳ್ತಿದ್ರು? ನೀವು ಮನ್ಯಾಗ ಇದ್ರಿ. ನೀವು ಹೇಳ್ತೀರಿ ಅಂತ ಕಾದೆ. ಗಾಡಿ ಹತ್ತೂ ಮಟಾ ಕಾದೆ. ಇಲ್ಲಿ ಬಂದೂ ಕಾದೆ." ಎದ್ದು ಸೆರಗು ಕೊಡವಿದಳು. "ಈಗ ನನ್ನ ಮುಂದ ಹೇಳಿ ಏನಾತು? ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ರಿ."

ಆ ವರ್ಷದ ದೀಪಾವಳಿಗೆ ಪಡಸಾಲೆಯಲ್ಲಿ ಹದಿನೈದು ಎಲೆ ಬಿದ್ದಿದ್ದವು. ಬೀಗರು, ಅಂಗಡಿಯವರು, ಓಣಿಯ ಹಿರಿಯರು. ಎರಡನೆಯ ಹೋಳಿಗೆ ಬಡಿಸುವಾಗ ಮಾವನವರು ಹೊಸ ಬೀಗರೊಬ್ಬರಿಗೆ ಹಿರಿ ಸೊಸೆಯ ಕಥೆ ತೆಗೆದರು. ನಾನು ಹೋಳಿಗೆಯ ಬುಟ್ಟಿ ಕೆಳಗಿಟ್ಟೆ.

"ಅಕ್ಕ ಕೊಲ್ಲಲಿಲ್ಲ," ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. "ನೀವು ಗುಳಿಗಿ ನುಂಗಿಸಿದ್ರಿ. ಮೊದಲ ನೀ ತಗೋ, ನೋಡ್ತೇನಿ ಅಂದ್ರಿ. ನೀರು ಬೇಡಿದ್ರ ಕೊಡಗೊಡಲಿಲ್ಲ. ನಾ ಗಂಜಿತಿಳಿ ತಂದ್ರ ಬಾಗಲಾಗ ಅಡ್ಡ ನಿಂತ್ರಿ. ನಾ ಹಿಂದಕ್ಕ ಹ್ವಾದೆ. ನಿಮ್ಮ ಗುಳಿಗಿ ತಿಪ್ಪಿಗೆ ಒಗದ್ರಿ. ನಾ ನೋಡೇನಿ."

ಮಾವನವರ ಕೈ ಎಲೆಯ ಮೇಲೆ ನಿಂತಿತು. ನನ್ನ ಗಂಡ ಕಣ್ಣು ಮಿಟುಕಿಸದೆ ತಂದೆಯನ್ನೇ ನೋಡಿದರು. ಈಗ ಯಾರೋ ಏನೋ ಅನ್ನುತ್ತಾರೆ, ಒಬ್ಬರಾದರೂ ಎದ್ದು ಹೋಗುತ್ತಾರೆ ಎಂದು ಕಾದೆ. ಸಾಲಿನ ಕೊನೆಯಲ್ಲಿ ಕೂತ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಅಂದರು:

"ತುಪ್ಪ ಸ್ವಲ್ಪ ಈ ಕಡೆ ಬರಲಿ."

ತುಪ್ಪದ ಬಟ್ಟಲು ಕೈಯಿಂದ ಕೈಗೆ ಹೋಯಿತು. ಎಲ್ಲರೂ ಉಂಡರು. ಮಾವನವರೂ ಉಂಡರು. ನಾನು ಇಷ್ಟು ವರ್ಷ ಬದುಕಿ ಏನೇನೋ ಕಂಡಿದ್ದೇನೆ, ಆ ತುಪ್ಪದ ಬಟ್ಟಲಿನಷ್ಟು ಹೇಸಿಗೆ ಬೇರೆ ಯಾವುದರ ಮೇಲೂ ಹುಟ್ಟಿಲ್ಲ.

ನನ್ನ ಗಂಡ ಯುಗಾದಿಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ತಂದೆಯ ಜೊತೆಗೂ ಮಾತಾಡಲಿಲ್ಲ. ಯುಗಾದಿ ಮುಗಿದ ಮೇಲೆ, ಒಂದು ದಿನ ಯಾರಿಗೂ ಹೇಳದೆ ಕೊಣ್ಣೂರಿಗೆ ಹೋಗಿ ಬಂದರು. ತಮ್ಮ ವೈನಿಯನ್ನು, ಅಂದರೆ ಅಕ್ಕನನ್ನು, ಕರೆದುಕೊಂಡು ಬರಲು ಹೋಗಿದ್ದರು. ಒಬ್ಬರೇ ಬಂದರು.

"ಏನಂದ್ರು?" ಎಂದು ಕೇಳಿದೆ.

"ಬರೂದಿಲ್ಲ ಅಂದ್ರು. ನನಗ ಊಟಕ್ಕ ಹಾಕಿದ್ರು. ಬ್ಯಾಸಗಿ ಐತಿ, ನೆಳ್ಳಾಗ ಹೋಗು ಅಂದ್ರು."

"ನಾ ಹೇಳಿದ್ದು ಹೇಳಿದ್ರೇನು?"

"ಹೇಳಿದೆ. ಕೇಳಿಕೊಂಡ್ರು."

ಎರಡು ಮಳೆಗಾಲ ಕಳೆದ ಮೇಲೆ ಅಕ್ಕ ಜ್ವರದಲ್ಲಿ ಹೋದಳು. ಮಣ್ಣಾದ ಮೂರನೆಯ ದಿನ ನಮಗೆ ಸುದ್ದಿ ಬಂತು. ಸಂಬಂಧ ಕಡಿದವರಿಗೆ ಯಾಕೆ ಅವಸರದ ಸುದ್ದಿ ಎಂದು ಅವರ ಮನೆಯವರಿಗೆ ಅನಿಸಿದ್ದರೆ ಅದು ತಪ್ಪಲ್ಲ. ಹೋಗಬೇಡ ಎಂದರು ಮಾವನವರು. ನಾನು ಅವರ ಮುಂದೆಯೇ ಚಪ್ಪಲಿ ಮೆಟ್ಟಿಕೊಂಡು ಹೋದೆ.

ಕೊಣ್ಣೂರಿನ ಆ ಅಂಗಳದಲ್ಲಿ ಆಕೆಯ ಅಣ್ಣನ ಹೆಂಡತಿ ಜೋಳ ಹಸನು ಮಾಡುತ್ತ ಕೂತಿದ್ದರು. ನನಗೂ ಮೊರ ಕೊಟ್ಟರು. ಆಕೆ ಕೊನೆಯ ದಿನದವರೆಗೂ ಬೈಯುತ್ತಿದ್ದುದನ್ನು ಹೇಳಿ ಅತ್ತರು, ನಕ್ಕರು. ಅಣ್ಣನಿಗೆ ಬೈದಳಂತೆ, ತಂಬಾಕು ಬಿಡಲಿಲ್ಲವೆಂದು. ಅಣ್ಣನ ಮಕ್ಕಳಿಗೆ ಬೈದಳಂತೆ. ಔಷಧ ಕೊಡಲು ಬಂದವರಿಗೆ ಬೈದಳಂತೆ. ಸತ್ತ ಗಂಡನಿಗೂ ಬೈದಳಂತೆ, ಜ್ವರದ ಮಂಪರಿನಲ್ಲಿ: ನನ್ನನ್ನು ಕೇಳದೆ ಯಾಕೆ ನುಂಗಿದಿರಿ ಎಂದು.

"ನನಗ?" ಎಂದು ಕೇಳಿದೆ. "ನನಗೇನರ ಬೈದ್ರೇನ್ರಿ?"

ಅವರು ನೆನಪು ಮಾಡಿಕೊಂಡರು. ಪಾಪ, ನನಗೆ ಸಮಾಧಾನವಾಗಲಿ ಎಂದೇ ಹೇಳಿದರು.

"ಇಲ್ರಿ. ನಿಮಗ ಒಂದು ಮಾತು ಸೈತ ಬೈದಿಲ್ಲ."

ನಾನು ಮೊರ ಕೆಳಗಿಟ್ಟೆ. ಆಕೆ ತನ್ನವರೆಂದುಕೊಳ್ಳದವರನ್ನು ಎಂದೂ ಬೈದವಳಲ್ಲ.